ಪಿಕಪ್ಪಿನ ಹಿಂಚಕ್ರಗಳ ಜ್ವರ

ಗಂಡನಾದವನಿಗೆ ಆಗಬಹುದಾದ ಅವಮಾನಗಳನ್ನು ನಾನು ಬಹಳಷ್ಟು ನೋಡಿದ್ದೇನೆ. ದರ್ಜಿಯ ಹೆಂಡತಿ ಅಂಗಡಿಯಿಂದ ಹೊಲಿದ ಬಟ್ಟೆ ತರುವುದುಂಟು. ಅಡುಗೆಯವನ ಹೆಂಡತಿ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿಕೊಂಡು ಬರುವುದುಂಟು. ಇವನ್ನೆಲ್ಲ ಗಂಡಸು ಹಲ್ಲು ಕಚ್ಚಿಕೊಂಡು ಸಹಿಸಬಹುದು. ಆದರೆ ಜೀವಮಾನವಿಡೀ ಬ್ರೇಕು ಬಿಟ್ಟು ಬೇರೇನನ್ನೂ ಮುಟ್ಟದ ಮೆಕ್ಯಾನಿಕ್ಕಿನ ಹೆಂಡತಿ, ಊಟ ಬಡಿಸುತ್ತ ಬಡಿಸುತ್ತ, "ಇದೇ ಕೊನೆ. ಈ ವಾರ ಸರಿಹೋಗದಿದ್ರೆ ಗಾಡಿ ಎದುರುಗಡೆಯೋರಿಗೆ ಕೊಡ್ತೀನಿ" ಅಂದರೆ ಬಾಯಲ್ಲಿದ್ದ ತುತ್ತು ಇಳಿಯುವುದು ಹೇಗೆ? ನನಗಂತೂ ಇಳಿಯಲಿಲ್ಲ. ನೀರು ಕುಡಿದು ಇಳಿಸಿದೆ.

ಎದುರುಗಡೆಯವರು ಯಾರೆಂದು ಹೇಳಿಬಿಡುತ್ತೇನೆ. ನನ್ನ ಅಂಗಡಿಯ ಮುಂದೆ ರಸ್ತೆ, ರಸ್ತೆಯಾಚೆ ಅವರ ಗ್ಯಾರೇಜು. ಅದನ್ನು ಗ್ಯಾರೇಜು ಅನ್ನುವುದಕ್ಕೂ ಮನಸ್ಸು ಬರುವುದಿಲ್ಲ. ನೆಲದಿಂದ ಸೂರಿನವರೆಗೆ ಗಾಜು, ಒಳಗೆ ತಂಪು, ಕಾಯುವವರಿಗೆ ಸೋಫಾ, ಸೋಫಾದಲ್ಲಿ ಕೂತವರಿಗೆ ಬಿಸ್ಕತ್ತು. ಅಲ್ಲಿನ ಮೆಕ್ಯಾನಿಕ್ಕುಗಳ ಅಂಗಿ ನನ್ನ ಮದುವೆಯ ಅಂಗಿಗಿಂತ ಬಿಳುಪು. ಅದು ಬಂದ ಮೇಲೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕೆಲವರು ನನ್ನ ಕಡೆ ನೋಡದೆ ದಾಟಿದರು, ಕೆಲವರು ಚೆನ್ನಾಗಿದ್ದೀರಾ ಎಂದು ಕೇಳಿಯೇ ದಾಟಿದರು. ಕೊನೆಗೆ ಉಳಿದದ್ದು ನಾನು, ನನ್ನ ಜಾಕು, ಮತ್ತು "ಇಲ್ಲಿ ಬ್ರೇಕು ಮಾತ್ರ" ಎನ್ನುವ ಬೋರ್ಡು. ಇನ್ನು ಸ್ವಂತ ಹೆಂಡತಿಯ ಗಾಡಿಯೂ ಅತ್ತ ಹೋದರೆ ಆ ಬೋರ್ಡನ್ನು ಇಳಿಸಿ ಒಲೆಗಿಡುವುದೊಂದೇ ಬಾಕಿ.

ಬ್ರೇಕಿನವನ ಮನಸ್ಸೇ ಬೇರೆ ಥರ. ಇಂಜಿನ್ ಮೆಕ್ಯಾನಿಕ್ಕು ಗಾಡಿ ಓಡುತ್ತದೆ ಎಂದು ನಂಬಿ ಬದುಕುವವನು. ಅವನ ಮುಖದಲ್ಲಿ ಒಂದು ಗೆಲುವಿರುತ್ತದೆ. ನಾನು ಗಾಡಿ ನಿಲ್ಲುವುದಿಲ್ಲ ಎಂದು ನಂಬಿ ಬದುಕಿದವನು. ನನ್ನ ಹತ್ತಿರ ಬಂದ ಗಾಡಿಗಳೆಲ್ಲ ಯಾವುದಾದರೂ ಗೋಡೆಯನ್ನೋ ಮರವನ್ನೋ ಮಾತಾಡಿಸಿಕೊಂಡು ಬಂದವೇ. ಹಾಗಾಗಿ ಸುಂದರವಾದ ಗುಡ್ಡ ಕಂಡರೂ ನನಗೆ ಮೊದಲು ಕಾಣುವುದು ಅದರ ಇಳಿಜಾರು. ಇದು ಅನುಭವ (ಎಂದು ನಾನು ಹೇಳುತ್ತೇನೆ, ಕಾಯಿಲೆ ಎಂದು ಹೆಂಡತಿ ಹೇಳುತ್ತಾಳೆ).

ಅವಳದು ಇದಕ್ಕೆ ತದ್ವಿರುದ್ಧವಾದ ಸ್ವಭಾವ. ನಲವತ್ತು ದಾಟಿದ ಮೇಲೆ ಹಿತ್ತಲಲ್ಲಿ ಕುಂಡದ ಗಿಡ ಬೆಳೆಸಲು ಶುರುಮಾಡಿದಳು. ಗಿಡ ಹೆಚ್ಚಾದವು, ಕಚೇರಿಗಳಿಗೆ ಬಾಡಿಗೆಗೆ ಕೊಡತೊಡಗಿದಳು. ಗಿರಾಕಿಗಳು ಹೆಚ್ಚಾದರು, ಎರಡು ಸಾಲು ಸೀಟಿನ ಒಂದು ಹಳೆಯ ಪಿಕಪ್ ಕೊಂಡಳು. ಇಟ್ಟುಕೊಂಡ ಡ್ರೈವರು ಬೇಕೆಂದಾಗ ಬರಲಿಲ್ಲ, ತಾನೇ ಕಲಿತಳು. ನಡುವೆ ಎಲ್ಲಿಯೂ ನಿಂತು ಯೋಚಿಸುವ ಪದ್ಧತಿಯೇ ಇಲ್ಲ. ಲೈಸೆನ್ಸು ಬಂದ ದಿನ ತನ್ನ ಅಣ್ಣಂದಿರಿಬ್ಬರನ್ನು ಕೂರಿಸಿಕೊಂಡು ಊರು ಸುತ್ತಿಸಿ ಬಂದಳು. ದೊಡ್ಡಣ್ಣ ಇಳಿದವನೇ ಗೋಡೆ ಹಿಡಿದು ನಿಂತ. ಚಿಕ್ಕಣ್ಣ, "ಇನ್ನು ಮೇಲೆ ನೀನು ಓಡಿಸೋದಾದ್ರೆ ನಾನು ನಡ್ಕೊಂಡೇ ಬರ್ತೀನಮ್ಮ" ಎಂದು ಎಲ್ಲರ ಮುಂದೆ ನಕ್ಕ. ಅಣ್ಣಂದಿರ ಮಾತೆತ್ತಿದರೆ ಈಗಲೂ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತದೆ.

ನಾನು ಮಾತ್ರ ತುಟಿ ಬಿಚ್ಚಿದವನಲ್ಲ. ಬೆಳಗಿನ ಹೊತ್ತು ಅಂಗಡಿಯಲ್ಲಿ ನೊಣ ಹೊಡೆಯುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲದ್ದರಿಂದ, ಕುಂಡ ಇಳಿಸಿಕೊಡಲೆಂದು ಅವಳ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಅವಳು ಚೆನ್ನಾಗಿಯೇ ಓಡಿಸುತ್ತಾಳೆ, ಸುಳ್ಳು ಹೇಳಬಾರದು. ಸ್ವಲ್ಪ ಜೋರು. ತಿರುವಿನಲ್ಲಿ ಹಾರ್ನು ಹೊಡೆದರೆ ಬ್ರೇಕು ಒತ್ತಿದಷ್ಟೇ ಪುಣ್ಯ ಎಂದು ಅವಳ ನಂಬಿಕೆ. ನಾನು ಕಿಟಕಿಯಾಚೆ ನೋಡುತ್ತ, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕೂರುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಅಭಿನಯ ಬರುತ್ತದೆ.

ರೋಗ ಮೊದಲು ಕಾಣಿಸಿದ್ದು ದೊಡ್ಡಾಸ್ಪತ್ರೆಯ ದಾರಿಯಲ್ಲಿ. ಆಸ್ಪತ್ರೆಯೆಂದರೆ ಅವಳ ಅತಿ ದೊಡ್ಡ ಗಿರಾಕಿ. ಅದು ಕೈಬಿಟ್ಟರೆ ಉಳಿದವರ ಬಾಡಿಗೆ ಗೊಬ್ಬರಕ್ಕೂ ಸಾಲದು. ವಾರಕ್ಕೊಂದು ಬೆಳಗ್ಗೆ, ರೋಗಿಗಳನ್ನು ನೋಡುವವರು ಬರುವ ಮೊದಲೇ, ಪ್ರತಿ ಮಹಡಿಯ ಬಾಡಿದ ಗಿಡ ಎತ್ತಿ ಹೊಸದಿಡಬೇಕು. ಹೊತ್ತು ಮೀರಿದರೆ ಲಿಫ್ಟು ಸಿಗುವುದಿಲ್ಲ. ಆ ದಿನ ನದಿಯ ಸೇತುವೆ ಏರುವಾಗ ಗಾಡಿ ತಿಣುಕತೊಡಗಿತು.

"ಏನ್ರೀ, ಎಳೀತಾನೇ ಇಲ್ಲ ಇದು" ಅಂದಳು.

"ಇಂಜಿನ್ ಇರಬೇಕು" ಅಂದೆ. (ಏನೇ ಆದರೂ ಮೊದಲು ಇಂಜಿನ್ನಿನ ಮೇಲೆ ಹಾಕುವುದು ಬ್ರೇಕಿನವರ ವೃತ್ತಿಧರ್ಮ.)

"ಸುಟ್ಟ ವಾಸನೆ ಬರ್ತಿದೆ."

"ಹೊರಗಡೆ ಯಾರೋ ಕಸಕ್ಕೆ ಬೆಂಕಿ ಹಾಕಿರಬೇಕು."

"ಆ ಕಸ ಆಗ್ಲಿಂದ ನಮ್ಮ ಜೊತೆನೇ ಬರ್ತಾ ಇದೆಯಲ್ಲ."

ಅವಳು ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದಳು. ಇಳಿದು ಹೋಗಿ ಕುಡಿಯುವ ನೀರನ್ನೇ ಹಿಂದಿನ ಚಕ್ರದ ನಡುವಿಗೆ ಚಿಮುಕಿಸಿದೆ. ಚೊಯ್ ಅಂದಿತು. ಇನ್ನೊಂದು ಹಿಂಚಕ್ರವೂ ಚೊಯ್ ಅಂದಿತು. ಮುಂದಿನ ಚಕ್ರಗಳು ಉಗುರುಬೆಚ್ಚಗೆ, ಆರೋಗ್ಯವಾಗಿದ್ದವು. ಅಲ್ಲಿಗೆ ಇಂಜಿನ್ ನಿರ್ದೋಷಿ ಎಂದು ತೀರ್ಮಾನವಾಯಿತು. ಹಿಂದಿನ ಬ್ರೇಕುಗಳು ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಪೆಡಲಿನಿಂದ ಕಾಲು ತೆಗೆದ ಮೇಲೂ ಒಳಗಿನ ಪಟ್ಟಿಗಳು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜುತ್ತಲೇ ಇದ್ದರೆ ಹೀಗೆ ಜ್ವರ ಬರುತ್ತದೆ.

ಚಕ್ರಗಳನ್ನು ಆರಿಸಿಕೊಂಡು ಹೊರಟು ಆಸ್ಪತ್ರೆ ತಲುಪುವ ಹೊತ್ತಿಗೆ ತಡವಾಗಿತ್ತು. ಅಲ್ಲಿನ ಉಗ್ರಾಣದ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು. ನಗುವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿ ಕಳೆದುಕೊಂಡ ಹೆಂಗಸು ಅವರು. "ಬೆಳಗಾಯ್ತು ಅನ್ನೋದು ಗಿಡಕ್ಕೂ ಗೊತ್ತಾಗುತ್ತೆ. ನಿಮಗೆ ಗೊತ್ತಾಗಲ್ವಾ?" ಎಂದು ಹೆಂಡತಿಯನ್ನು ಕೇಳಿದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಒಂದು ರಬ್ಬರ್ ಗಿಡದ ಹಿಂದೆ ನಿಂತಿದ್ದೆ.

ಮಧ್ಯಾಹ್ನ ಗಾಡಿಯನ್ನು ಅಂಗಡಿಗೆ ತಂದು ಜಾಕ್ ಕೊಟ್ಟು ಎತ್ತಿದೆ. ಹ್ಯಾಂಡ್ ಬ್ರೇಕ್ ಇಳಿಸಿ ಹಿಂಚಕ್ರವನ್ನು ಒಂದು ಬೆರಳಿನಿಂದ ತಳ್ಳಿದರೆ ಸೊಗಸಾಗಿ ತಿರುಗಿತು. ಇನ್ನೊಂದೂ ಹಾಗೆಯೇ. ರೋಗಿ ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಇಳಿದುಬಿಟ್ಟರೆ ಡಾಕ್ಟರಿಗೆ ಏನನ್ನಿಸುತ್ತದೋ ನನಗೂ ಅದೇ ಅನ್ನಿಸಿತು. ಆದರೂ ಬಿಡಲಿಲ್ಲ. ಡ್ರಮ್ಮು ಬಿಚ್ಚಿ ಪಟ್ಟಿಗಳನ್ನು ವಾಪಸ್ ಎಳೆಯುವ ಸ್ಪ್ರಿಂಗುಗಳನ್ನು ಬದಲಾಯಿಸಿದೆ. ಒಳಗಿನ ಧೂಳು ಕೊಡವಿ, ಉಜ್ಜಿ, ಜಿಡ್ಡು ಹಚ್ಚಬೇಕಾದಲ್ಲಿ ಹಚ್ಚಿದೆ. ಅದೇ ಜೋರಿನಲ್ಲಿ ಮೀಟರಿನ ಹತ್ತಿರ ಆಗಾಗ ಹತ್ತಿ ಆರುತ್ತಿದ್ದ ಹ್ಯಾಂಡ್ ಬ್ರೇಕಿನ ಕೆಂಪು ದೀಪದ ತಂತಿಯನ್ನೂ ಕಿತ್ತು ಬಿಸಾಡಿದೆ. ಗಾಡಿ ಓಡುತ್ತಿರುವಾಗ ಆ ದೀಪ ಉರಿಯುತ್ತದೆಂದರೆ ಸ್ವಿಚ್ಚು ಕೆಟ್ಟಿದೆ ಎಂದೇ ಅರ್ಥ. ಇದು ನನ್ನ ಇಷ್ಟು ವರ್ಷದ ಅನುಭವದ ತೀರ್ಪು. ಸಂಜೆ ನಾನೊಬ್ಬನೇ ಸೇತುವೆಯವರೆಗೆ ಓಡಿಸಿಕೊಂಡು ಹೋಗಿ ಬಂದೆ. ನೀರು ಚಿಮುಕಿಸಿದರೆ ಸದ್ದಿಲ್ಲ.

"ಮುಗೀತು. ಇನ್ನು ನೀನು ಕಣ್ಣು ಮುಚ್ಚಿಕೊಂಡು ಓಡಿಸಬಹುದು" ಎಂದೆ. (ಅವಳಿಗೆ ಹೇಳಬಾರದಾಗಿದ್ದ ಮಾತು.)

ಮುಂದಿನ ವಾರ ಅದೇ ಸೇತುವೆ, ಅದೇ ವಾಸನೆ, ಅದೇ ಚೊಯ್.

ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ಮಹಾಸಂಶೋಧನೆ. ಚಕ್ರದೊಳಗಿನ ಎಣ್ಣೆಯ ಸಿಲಿಂಡರುಗಳನ್ನು ಬದಲಾಯಿಸಿದೆ. ರಬ್ಬರ್ ಕೊಳವೆ ಬದಲಾಯಿಸಿದೆ. ಬ್ರೇಕಿನ ಹಳೆಯ ಎಣ್ಣೆ ಬಸಿದು ಹೊಸದು ತುಂಬಿದೆ. ಒಂದು ದಿನ ಅವಳೊಬ್ಬಳೇ ಬ್ಯಾಂಕಿನವರಿಗೆ ಗಿಡ ಕೊಟ್ಟು ಬಂದಳು, ಚಕ್ರ ತಣ್ಣಗೆ. ಮಾರನೆಯ ದಿನ ನಾನೊಬ್ಬನೇ ಮಣ್ಣು ತರಲು ಹೋದೆ, ತಣ್ಣಗೆ. ಇಬ್ಬರೂ ಕೂತು ಹೋದರೆ ಮಾತ್ರ ಹಿಂಚಕ್ರದ ಮೇಲೆ ನೀರು ಕಾಯಿಸಬಹುದು.

"ಭಾರ ಜಾಸ್ತಿ ಆದ್ರೆ ಹೀಗಾಗುತ್ತೆ. ಪಿಕಪ್ಪಲ್ಲಿ ಭಾರ ನೋಡಿಕೊಂಡು ಬ್ರೇಕ್ ಹಿಡಿಯೋದಕ್ಕೆ ಹಿಂದೊಂದು ಕವಾಟ ಇರುತ್ತೆ. ಅದು ಹೋಗಿರಬೇಕು" ಎಂದು ನಾನು ಪಾಠ ಮಾಡಿದೆ.

"ಬ್ಯಾಂಕಿಗೆ ಹೋದಾಗ್ಲೂ ಗಾಡಿ ತುಂಬಾ ಕುಂಡ ಇತ್ತಲ್ಲ. ಆಗ ಯಾಕೆ ಹಿಡೀಲಿಲ್ಲ?"

"ಆಗ ನಾನಿರಲಿಲ್ಲ."

"ಅಂದ್ರೆ ನಲವತ್ತು ಕುಂಡಕ್ಕಿಂತ ನೀವೊಬ್ರು ಭಾರ ಅಂತೀರಾ?"

"ಭಾರ ಎಲ್ಲಿ ಕೂರುತ್ತೆ ಅನ್ನೋದೂ ಮುಖ್ಯ ಕಣೇ."

"ಮನೇಲಿ ಕೂತ್ರೂ ಭಾರನೇ, ಗಾಡೀಲಿ ಕೂತ್ರೂ ಭಾರನೇ" ಎಂದು ಅವಳು ಎದ್ದು ಹೋದಳು. ಹಾಗೆಂದರೂ ಆ ರಾತ್ರಿ ನನ್ನ ತಟ್ಟೆಗೆ ಎಂದಿಗಿಂತ ಕಡಿಮೆ ಬಿತ್ತು. ಶಾಸ್ತ್ರಕ್ಕಾಗಿ ನಾನು ಉಪವಾಸವನ್ನೂ ಮಾಡಿದವನು ಎಂದು ಇದರಿಂದ ತಿಳಿಯಬಹುದು.

ಕವಾಟವೂ ಹೊಸದಾಯಿತು. ಫಲ ಸೊನ್ನೆ. ಉಳಿದದ್ದು ಒಂದೇ: ಹ್ಯಾಂಡ್ ಬ್ರೇಕಿನ ಕೇಬಲ್ಲು. ಡ್ರೈವರ ಮತ್ತು ಪಕ್ಕದವರ ಸೀಟುಗಳ ನಡುವಿನ ಲಿವರಿನಿಂದ ಹೊರಟು, ಗಾಡಿಯ ಹೊಟ್ಟೆಯ ಕೆಳಗೆ ಹಾದು, ಎರಡೂ ಹಿಂಚಕ್ರಗಳಿಗೆ ಹೋಗುವ ಕೇಬಲ್ಲದು. ಹಳೆಯದಕ್ಕೆ ತುಕ್ಕು ಹಿಡಿದಿತ್ತು. ತುಕ್ಕು ಕಂಡು ನನ್ನ ಮನಸ್ಸು ಹೂವಾಯಿತು. ಅದನ್ನು ಕಿತ್ತು, ಮೈತುಂಬ ಜಿಡ್ಡು ಹಚ್ಚಿದ ಹೊಸದನ್ನು ಹಾಕಿ, ಲಿವರನ್ನು ಕೂದಲೆಳೆಯಷ್ಟು ಎತ್ತಿದರೂ ಚಕ್ರಕ್ಕೆ ಸುದ್ದಿ ಮುಟ್ಟುವ ಹಾಗೆ ಬಿಗಿ ಮಾಡಿದೆ. ಅಷ್ಟು ಚೊಕ್ಕಟವಾದ ಕೆಲಸವನ್ನು ನಾನು ಯಾವ ಗಿರಾಕಿಗೂ ಮಾಡಿದ್ದಿಲ್ಲ.

ಆ ವಾರ ಗಾಡಿ ಸೇತುವೆಯ ನೆತ್ತಿಯ ಮೇಲೆ ನಿಂತೇಬಿಟ್ಟಿತು. ಹಿಂದಿದ್ದ ಬಸ್ಸಿನವನು ಬೈದ. ಅದರ ಹಿಂದಿದ್ದವನು ಬಸ್ಸಿನವನಿಗೆ ಬೈದ. ಚಕ್ರ ಆರುವವರೆಗೆ ಹೆಂಡತಿ ಹೊಗೆಯ ನಡುವೆ ಸ್ಟೀರಿಂಗ್ ಹಿಡಿದು ಕೂತಿದ್ದು, ಆಮೇಲೆ ಹೊರಟಳು. ಆಸ್ಪತ್ರೆಯಲ್ಲಿ ಆ ಉಗ್ರಾಣದವರು, "ಇನ್ನೊಂದ್ಸಲ ಹೀಗಾದ್ರೆ ಪ್ಲಾಸ್ಟಿಕ್ ಗಿಡ ತರಿಸ್ತೀನಿ. ಅವಕ್ಕೆ ನೀರೂ ಬೇಡ, ನೀವೂ ಬೇಡ" ಅಂದರು. ಆ ದಿನವೇ ನಾನು ಮೊದಲಿಗೆ ಹೇಳಿದ ಊಟ ನಡೆದದ್ದು, ತುತ್ತು ಸಿಕ್ಕಿಕೊಂಡದ್ದು.

ಈ ನಡುವೆ ನಮ್ಮ ಅತ್ತೆ ಬಂದಿಳಿದಿದ್ದರು. ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿತ್ತು. ಎಷ್ಟೋ ವರ್ಷ ಮಂಜಿನೊಳಗಿದ್ದು ಹೊರಗೆ ಬಂದವರಾದ್ದರಿಂದ ಅವರಿಗೆ ಈಗ ಜಗತ್ತಿನಲ್ಲಿ ಕಾಣದ್ದೇ ಇಲ್ಲ. ಬಂದ ದಿನವೇ ನಮ್ಮ ಗೋಡೆಯ ಮೂಲೆಗಳನ್ನು ನೋಡಿ, "ಈ ಮನೆ ಇಷ್ಟು ಕೊಳೆ ಇತ್ತಾ?" ಎಂದರು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿ, "ಅಳಿಯಂದಿರು ಇಷ್ಟು ಮುದುಕ ಆಗಿದ್ದು ನಂಗೆ ಗೊತ್ತೇ ಇರಲಿಲ್ಲ" ಎಂದರು. ಅವರ ಕಣ್ಣಿನ ಮರುಪರೀಕ್ಷೆ ಅದೇ ದೊಡ್ಡಾಸ್ಪತ್ರೆಯಲ್ಲಿ. ಹಾಗಾಗಿ ಆ ನಿರ್ಣಾಯಕ ಬೆಳಗ್ಗೆ, ಗಾಡಿಯ ಬೆನ್ನಿನಲ್ಲಿ ಕುಂಡಗಳು, ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕದ ಅತ್ತೆ, ಮುಂದೆ ನಾವಿಬ್ಬರು ಹೊರಟೆವು. ಶವದ ಹಿಂದೆ ಹೋಗುವ ಗಾಡಿಯಲ್ಲೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

ತಡವಾಗಬಾರದೆಂದು ಅವಳು ಆ ದಿನ ಇನ್ನಷ್ಟು ಜೋರಾಗಿ ಓಡಿಸಿದಳು. ಒಂದು ಲಾರಿಯನ್ನು ದಾಟಿದಳು. ದಾಟಿದ ಮೇಲೆ ಆ ಲಾರಿಯ ಮುಂದೆ ಇನ್ನೊಂದು ಲಾರಿ ಇರುವುದು ತಿಳಿದು ಅದನ್ನೂ ದಾಟಿದಳು. ನಾನು ಕಿಟಕಿಯಾಚೆ ನೋಡುತ್ತ ಕಲ್ಲಿನ ಹಾಗೆ ಕೂತಿದ್ದೆ. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ವಾಸನೆ ಬಂತು. ಹೇಗೋ ಮೆಲ್ಲಗೆ ತೆವಳಿಕೊಂಡು ಒಳಗೆ ತಂದು ನಿಲ್ಲಿಸಿದಳು. ಹೊತ್ತು ಮೀರಿತ್ತು. ನನ್ನ ಮುಖವನ್ನೂ ನೋಡದೆ, ಹ್ಯಾಂಡ್ ಬ್ರೇಕ್ ಎಳೆದು, ಉಗ್ರಾಣದವರನ್ನು ಬೇಡಿಕೊಳ್ಳಲು ಓಡಿದಳು.

ನಾನು ಕೂತಲ್ಲೇ ಕೂತೆ. ಇಳಿದು ನೀರು ಚಿಮುಕಿಸುವ ಉತ್ಸಾಹವೂ ಉಳಿದಿರಲಿಲ್ಲ. ಹಿಂದಿನಿಂದ ಅತ್ತೆ ಕೇಳಿದರು, "ಅಳಿಯಂದಿರೇ, ಒಂದು ಕೇಳಲಾ? ತಪ್ಪು ತಿಳ್ಕೋಬಾರದು."

"ಕೇಳಿ."

"ಗಾಡಿ ಓಡಿಸೋದು ಒಬ್ರೇ ಅಂತ ನಾನು ತಿಳ್ಕೊಂಡಿದ್ದೆ. ಮೊದಲು ಕಣ್ಣು ಕಾಣ್ತಿರಲಿಲ್ಲ ನೋಡಿ. ಇಬ್ರು ಸೇರಿ ಓಡಿಸ್ತಾರೆ ಅಂತ ಇವತ್ತೇ ಗೊತ್ತಾಗಿದ್ದು."

"ಇಬ್ರು ಅಂದ್ರೆ?"

"ಅವಳು ಆ ಚಕ್ರ ತಿರುಗಿಸ್ತಾಳೆ. ನೀವು ಈ ಕೋಲು ಎಳೀತೀರಿ. ಲಾರಿ ದಾಟಿದಾಗೊಂದ್ಸಲ ಎಳೆದ್ರಿ. ಎರಡನೇ ಲಾರಿಗೆ ಇನ್ನೊಂದ್ಸಲ. ಆ ಇಳಿಜಾರಲ್ಲಿ ಎರಡು ಕೈಲೂ ಎಳೀತೀರೇನೋ ಅಂದ್ಕೊಂಡೆ. ಅದು ನಿಮ್ಮ ಕೆಲಸ ತಾನೇ?"

ನಾನು ಕೆಳಗೆ ನೋಡಿದೆ. ನನ್ನ ಬಲಗೈ ಹ್ಯಾಂಡ್ ಬ್ರೇಕಿನ ಲಿವರಿನ ಮೇಲಿತ್ತು. ಯಾವಾಗ ಹೋಗಿ ಕೂತಿತೋ ದೇವರಾಣೆಗೂ ಗೊತ್ತಿಲ್ಲ. ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿದಿದ್ದವು, ಒಂದೊಂದನ್ನೇ ಬಿಡಿಸಬೇಕಾಯಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ರೋಗವನ್ನೇ ಅಂಗೈಯಲ್ಲಿ ಹಿಡಿದುಕೊಂಡು ಗಾಡಿಯನ್ನೆಲ್ಲ ಬಿಚ್ಚಿದ್ದೆ. ಮುಖಕ್ಕೆ ಅಭಿನಯ ಕಲಿಸಿದ್ದೆ, ಕೈಗೆ ಕಲಿಸಿರಲಿಲ್ಲ. ಅವಳು ವೇಗ ಏರಿಸಿದಾಗಲೆಲ್ಲ ಕೈ ತನ್ನಷ್ಟಕ್ಕೆ ಹೋಗಿ ಲಿವರನ್ನು ಟಿಕ್ಕೆಂದು ಒಂದು ಹಲ್ಲು ಮೇಲೆತ್ತುತ್ತಿತ್ತು. ಆ ಸದ್ದು ಕುಂಡಗಳ ಗಡಗಡದಲ್ಲಿ ಮುಳುಗುತ್ತಿತ್ತು. ಗಾಡಿ ನಿಲ್ಲಿಸಿದಾಗ ಅವಳು ಲಿವರನ್ನು ಪೂರ್ತಿ ಎಳೆಯುತ್ತಿದ್ದಳು, ಹೊರಡುವಾಗ ಪೂರ್ತಿ ಇಳಿಸುತ್ತಿದ್ದಳು. ಅಲ್ಲಿಗೆ ನನ್ನ ಕೈಯ ಗುರುತು ಅಳಿಸಿಹೋಗುತ್ತಿತ್ತು. ಕೆಂಪು ದೀಪವೊಂದೇ ಪಾಪ ಸತ್ಯ ಹೇಳಲು ಹೆಣಗಿತ್ತು. ಅದರ ಬಾಯನ್ನು ನಾನೇ ಮುಚ್ಚಿಸಿದ್ದೆ. ಅದರ ಮೇಲೆ, ಕೂದಲೆಳೆಯಷ್ಟು ಎತ್ತಿದರೂ ಚಕ್ರ ಹಿಡಿಯುವ ಹೊಸ ಕೇಬಲ್ಲು ಬೇರೆ.

"ಅತ್ತೆ, ಇದನ್ನ ಅವಳಿಗೆ..." ಎಂದು ಶುರುಮಾಡಿದೆ.

"ನಾನ್ಯಾಕೆ ಹೇಳ್ಲಿ? ನನ್ನ ಕೈಗೆ ಎಟುಕಿದ್ರೆ ನಾನೂ ಎಳೀತಿದ್ದೆ" ಎಂದರು ಅತ್ತೆ.

ಆದರೂ ನಾನು ಹೇಳಿಬಿಡುವುದೆಂದೇ ತೀರ್ಮಾನಿಸಿದೆ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ತಪ್ಪು ನನ್ನ ಕೈಯದೇ ಹೊರತು ನನ್ನ ಕೆಲಸದ್ದಲ್ಲ. ಹೇಳಿಬಿಟ್ಟರೆ ಗಾಡಿ ರಸ್ತೆ ದಾಟಬೇಕಾಗಿರಲಿಲ್ಲ, ಬೋರ್ಡು ಉಳಿಯುತ್ತಿತ್ತು. ಬೈಗುಳ ಎಷ್ಟು ತಿಂದರೂ ಅಜೀರ್ಣವಾಗದ ಶರೀರ ನನ್ನದು.

ಅವಳು ಬಂದಳು. ಉಗ್ರಾಣದವರು ಇನ್ನೊಂದೇ ಒಂದು ವಾರ ಕೊಟ್ಟಿದ್ದರು. ಸೀಟಿನಲ್ಲಿ ಕೂತು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡಳು. ಆಮೇಲೆ, ಜಗಳದ ಧ್ವನಿಯಲ್ಲಲ್ಲ, ಮೆಲ್ಲಗೆ ಕೇಳಿದಳು:

"ನಿಜ ಹೇಳಿ. ನಾನು ಓಡಿಸೋದ್ರಲ್ಲೇ ಏನಾದ್ರೂ ತಪ್ಪಿದ್ಯಾ? ಇದ್ರೆ ಹೇಳಿಬಿಡಿ. ನಾಳೆಯಿಂದ್ಲೇ ಕೀಲಿ ಇಟ್ಟುಬಿಡ್ತೀನಿ. ಅಣ್ಣಂದಿರು ಹೇಳಿದ್ದೇ ಸರಿ ಅಂತ ಒಪ್ಕೋತೀನಿ. ಬೇರೆ ಯಾರನ್ನ ಕೇಳಿದ್ರೂ ನಗ್ತಾರೆ. ನನ್ನ ಪಕ್ಕ ಹೆದರದೆ ಕೂರೋರು ಅಂತ ಇರೋದು ನೀವೊಬ್ರೇ."

ಹಿಂದಿನ ಸೀಟಿನಲ್ಲಿ ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದು ಅಲ್ಲಿಂದ ಹೇಗೆ ಜಾರಿತೋ ತಿಳಿಯದು. ಹೊರಗೆ ಬಂದದ್ದು ಬೇರೆಯೇ.

"ನಿನ್ನದೇನೂ ತಪ್ಪಿಲ್ಲ ಕಣೇ" ಎಂದೆ. "ಕೇಬಲ್ ನಾನೇ ಸರಿಯಾಗಿ ಹಾಕಿಲ್ಲ. ಸ್ಪ್ರಿಂಗೂ ಅಷ್ಟೇ. ವಯಸ್ಸಾಯ್ತು ನೋಡು, ಕೈ ಹಿಡಿತ ತಪ್ಪಿದೆ. ಎದುರುಗಡೆಯೋರಿಗೇ ಕೊಟ್ಟುಬಿಡು."

ಅವಳು ತಿರುಗಿ ನನ್ನನ್ನು ನೋಡಿದಳು. ಮದುವೆಯಾದ ಮೇಲೆ ನಾನು ತಪ್ಪು ಒಪ್ಪಿಕೊಂಡದ್ದನ್ನು ಅವಳು ಕಂಡದ್ದು ಅದೇ ಮೊದಲು. ಒಪ್ಪಿಕೊಂಡದ್ದು ಮಾಡದ ತಪ್ಪನ್ನು ಎನ್ನುವುದು ನನಗೂ ಅತ್ತೆಗೂ ಮಾತ್ರ ಗೊತ್ತು.

ಮಾರನೆಯ ದಿನ ಪಿಕಪ್ಪು ರಸ್ತೆ ದಾಟಿತು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದೆ. ಗಾಜಿನ ಹಿಂದೆ ಸೋಫಾದಲ್ಲಿ ತಾಯಿ ಮಗಳು ಕೂತು ಬಿಸ್ಕತ್ತು ತಿನ್ನುವುದು ಚೆನ್ನಾಗಿ ಕಾಣುತ್ತಿತ್ತು. ಅತ್ತೆಗೂ ನಾನು ಚೆನ್ನಾಗಿ ಕಂಡಿರಬೇಕು, ಕೈ ಬೀಸಿದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿನ ಬಿಳಿ ಅಂಗಿಯ ಇಂಜಿನಿಯರ್ ಅತ್ತಿತ್ತ ನೋಡಿ, ರಸ್ತೆ ದಾಟಿ ನನ್ನ ಹತ್ತಿರವೇ ಬಂದ.

"ಸಾರ್, ಗಾಡೀಲಿ ಏನೂ ತೊಂದ್ರೆ ಇಲ್ಲ. ಹಿಂದಿನ ಬ್ರೇಕ್ ಕೆಲಸ ನೋಡಿ ನಮ್ಮ ಹುಡುಗ್ರು ಮೂಗಿನ ಮೇಲೆ ಬೆರಳಿಟ್ರು. ಇಷ್ಟು ಅಚ್ಚುಕಟ್ಟಾಗಿ ನಮ್ಮಲ್ಲಿ ಯಾರೂ ಮಾಡಲ್ಲ. ಆದ್ರೆ ಮೇಡಮ್ ಕೇಳ್ತಿಲ್ಲ. ಮಾಡಿದೋರೇ ಸರಿ ಇಲ್ಲ ಅಂತ ಒಪ್ಕೊಂಡಿದ್ದಾರೆ, ಎಲ್ಲಾ ಕಿತ್ತು ಹೊಸದು ಹಾಕಿ ಅಂತಾರೆ. ಏನ್ ಮಾಡ್ಲಿ?"

ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಬಲ್ಲವರು ಹೊಗಳಿದ್ದು ಅದೊಂದೇ ಸಲ. ಅದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

"ಕಿತ್ತು ಹಾಕಿ" ಎಂದೆ.

ಸಂಜೆ ನನ್ನ ಹೊಸ ಕೇಬಲ್ಲು, ಹೊಸ ಸ್ಪ್ರಿಂಗು, ಹೊಸ ಸಿಲಿಂಡರುಗಳನ್ನು ಒಂದು ಚೀಲದಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟರು. ಅವಳು ಅದನ್ನು ತಂದು ನನ್ನ ಮುಂದಿಟ್ಟು, "ಇರಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ" ಎಂದಳು. ಬೈದಿದ್ದರೆ ವಾಸಿಯಿತ್ತು.

ಆ ವಾರ ಆಸ್ಪತ್ರೆಗೆ ಹೊರಡುವಾಗ ನಾನು ಸೀಟಿನಲ್ಲಿ ಕೂರುವ ಮೊದಲೇ ಬಲಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತೆ. ಎಡಗೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡೆ. ಅವಳು ಬಸ್ಸನ್ನು ದಾಟಿದಳು. ಕೈ ಕೆಳಗೆ ಒದ್ದಾಡಿತು, ಬಿಡಲಿಲ್ಲ. ಇಳಿಜಾರಿನಲ್ಲಿ ಒಂದು ಸಿಮೆಂಟ್ ಲಾರಿಯನ್ನು ದಾಟಿದಳು. ಕೈ ಜೋಮು ಹಿಡಿದು, ಅದು ನನ್ನದೇ ಎನ್ನುವುದೂ ಮರೆತುಹೋಯಿತು. ಸೇತುವೆಯನ್ನು ಗಾಡಿ ಹಕ್ಕಿಯ ಹಾಗೆ ಏರಿ ಇಳಿಯಿತು. ವಾಸನೆಯಿಲ್ಲ. ಆಸ್ಪತ್ರೆಯ ಗೇಟು ಇನ್ನೂ ತೆರೆದಿರಲಿಲ್ಲ, ನಾವೇ ಕಾಯಬೇಕಾಯಿತು. ಅವಳು ಇಳಿದು ಹೋಗಿ ತಾನೇ ಚಕ್ರಕ್ಕೆ ನೀರು ಚಿಮುಕಿಸಿ ಬಂದಳು. ಅವಳ ಮುಖ ಅರಳಿತ್ತು. ಎಷ್ಟೋ ತಿಂಗಳ ಮೇಲೆ ಆ ಮುಖವನ್ನು ಕಂಡು ನನಗೂ ಸಂತೋಷವಾಯಿತು, ಇಲ್ಲವೆನ್ನಲಾರೆ.

"ನೋಡಿದ್ರಾ?" ಎಂದಳು. "ಬ್ರೇಕ್ ಕೆಲಸಕ್ಕೆ ಕೈಗುಣ ಬೇಕು ಕಣ್ರೀ. ಎಲ್ಲರಿಗೂ ಇರಲ್ಲ. ನೀವು ಬೇಜಾರು ಮಾಡ್ಕೋಬೇಡಿ. ನೀವು ಹೀಗೆ ಪಕ್ಕದಲ್ಲಿ ಆರಾಮಾಗಿ ಕೂತಿದ್ರೆ ಸಾಕು, ನಂಗೆ ಅದೇ ಧೈರ್ಯ. ಇನ್ನು ಮೇಲೆ ಇನ್ನೂ ಸ್ವಲ್ಪ ಜೋರಾಗೇ ಓಡಿಸಬಹುದು."

"ಓಡಿಸು" ಎಂದೆ. ಗೇಟು ತೆರೆಯಿತು. ಕುಂಡ ಇಳಿಸಲು ನಾನು ಎದ್ದು ಕೈಯನ್ನು ಹೊರಗೆಳೆದೆ; ಅದಕ್ಕೆ ಒಂದು ಎಲೆಯನ್ನು ಎತ್ತುವ ಶಕ್ತಿಯೂ ಉಳಿದಿರಲಿಲ್ಲ.